ಬೂಸಾ ಕಲಸುವ ಕೈ

1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಎಂದದ್ದು, ಅದರ ಮೇಲೆ ರಾಜ್ಯವೆಲ್ಲ ಗದ್ದಲವೆದ್ದು ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದದ್ದು, ಕೊನೆಗೆ ಅವರು ರಾಜೀನಾಮೆ ಕೊಡಬೇಕಾಗಿ ಬಂದದ್ದು ಈ ಪುಟಗಳ ಓದುಗರಿಗೆ ಹೊಸ ಸಂಗತಿಯಲ್ಲ. ನಮ್ಮ ಚಳುವಳಿಗೆ ಕಿಡಿ ಬಿದ್ದದ್ದೇ ಆ ಜಗಳದಿಂದ ಅಂತ ಎಷ್ಟೋ ಸಲ ಬರೆದಿದ್ದೇವೆ, ವೇದಿಕೆ ಮೇಲೆ ಹೇಳಿದ್ದೇವೆ. ಆದರೆ ಐವತ್ತು ವರ್ಷ ಕಳೆದರೂ ಒಂದು ಸಣ್ಣ ಪ್ರಶ್ನೆಯನ್ನ ಆ ಕಡೆಯವರೂ ಕೇಳಲಿಲ್ಲ, ಈ ಕಡೆಯ ನಾವೂ ಕೇಳಲಿಲ್ಲ. ಬೂಸಾ ಅಂದರೆ ಏನು? ಅದನ್ನ ಕಲಸೋರು ಯಾರು?

ಬೂಸಾ ಅಂದರೆ ಕೆಲಸಕ್ಕೆ ಬಾರದ ಪದಾರ್ಥ ಎಂದು ಎರಡು ಕಡೆಯವರೂ ಒಪ್ಪಿಕೊಂಡೇ ಜಗಳವಾಡಿದರು. ಹಸು ಕಟ್ಟಿದ ಮನೆಯಲ್ಲಿ ಯಾರೂ ಹಾಗೆ ಹೇಳಲಾರರು. ಗೋಧಿಯ ಹಿಟ್ಟು ಪೇಟೆಗೆ ಹೋದ ಮೇಲೆ ಉಳಿದ ಹೊಟ್ಟು ಅದು, ನಿಜ. ಆದರೆ ಎರಡು ಬೊಗಸೆ ಬೂಸಾ, ಒಂದು ಹಿಡಿ ಕಡಲೆಕಾಯಿ ಹಿಂಡಿ, ಚೂರು ಉಪ್ಪು, ಮೇಲೆ ಮುಸುರೆ ನೀರು ಹಾಕಿ ಕಲಸಿ ಮುಂದಿಟ್ಟರೇ ಹಸು ಸೊರೆ ಬಿಡೋದು. ಆ ಮೂಟೆ ಡೈರಿಯಿಂದ ಸಾಲಕ್ಕೆ ತಂದದ್ದು. ಬಟವಾಡೆ ದಿನ ಅದರ ದುಡ್ಡು ಮೊದಲು ಹಿಡ್ಕೊಂಡು ಉಳಿದದ್ದು ಕೈಗೆ. ಬೂಸಾ ಅನ್ನೋದು ಬಯ್ಗುಳ ಆಗೋದು ಹಾಲು ಕೊಂಡು ಕುಡಿಯುವವರ ಭಾಷೆಯಲ್ಲಿ. ಬಸವಲಿಂಗಪ್ಪನವರು ಹೇಳಿದ್ದರ ಹುರುಳನ್ನ ಒಪ್ಪುತ್ತಲೇ ಅವರು ಆರಿಸಿದ ಮಾತನ್ನ ತಿರುಗಿಸಿ ಕೇಳಬೇಕೆನಿಸುತ್ತದೆ: ನಮ್ಮ ಸಾಹಿತ್ಯದಲ್ಲಿ ಬೂಸಾ ಎಲ್ಲಿದೆ? ಹಾಲು ಇದೆ, ಬೆಣ್ಣೆ ಇದೆ, ಕೊಳಲು ಇದೆ, ಕಾಮಧೇನು ಇದೆ. ಕೊಟ್ಟಿಗೆ ಎಲ್ಲಿದೆ?

ಕೊಟ್ಟಿಗೆ ಅಂದೆ. ಕೇರಿಯ ಮನೆಗೆ ಬೇರೆ ಕೊಟ್ಟಿಗೆ ಇರೋದು ಅಪರೂಪ. ಮನೆ ಗೋಡೆಗೆ ಒರಗಿಸಿದ ಒಂದು ತಡಿಕೆ, ಮೇಲೆ ನಾಲ್ಕು ತಗಡು. ಅಲ್ಲಿ ಒಂದು ಸೀಮೆ ಹಸು, ಒಂದು ಕರು, ಎರಡು ಮೇಕೆ, ಪಕ್ಕದಲ್ಲಿ ಮಂಕರಿ ಕವುಚಿದ ಕೋಳಿ. ನಾಲ್ಕೂವರೆ ಐದಕ್ಕೆ ಹೆಂಗಸು ಏಳಬೇಕು. ಸೀಮೆ ಹಸು ದಿನಕ್ಕೆ ಹಾಕುವ ಸಗಣಿ ಹತ್ತಿರ ಹತ್ತಿರ 20 ಕೆ.ಜಿ. ತೂಗುತ್ತದೆ. ಅದನ್ನ ಕೈಯಲ್ಲೇ ಬಾಚಬೇಕು, ಗಂಜಲ ಬಳೀಬೇಕು, ತಲೆ ಮೇಲೆ ಹೊತ್ತು ತಿಪ್ಪೆಗೆ ಹಾಕಬೇಕು. ಕೆಚ್ಚಲು ತೊಳೆದು ಹಾಲು ಕರೆದು ಆರು ಆರೂವರೆಗೆ ಡೈರಿ ಮುಂದೆ ಸಾಲಲ್ಲಿ ನಿಲ್ಲಬೇಕು. ಡಿಗ್ರಿ ಬರದಿದ್ದರೆ ‘ಏನಮ್ಮ, ನೀರು ಬೆರೆಸಿದ್ಯಾ’ ಅನ್ನೋ ಮಾತು ಎಲ್ಲರೆದುರಿಗೆ ಕೇಳಬೇಕು. ಹೊಟ್ಟೆಗೆ ಸರಿಯಾಗಿ ಬೀಳದ ಹಸುವಿನ ಹಾಲಿಗೆ ಡಿಗ್ರಿ ಎಲ್ಲಿಂದ ಬರಬೇಕು? ಅಲ್ಲಿಂದ ಬಂದು ಒಲೆ ಹಚ್ಚಿ, ಮುದ್ದೆ ತೊಳಸಿಟ್ಟು, ಕೂಲಿಗೆ ಹೊರಡಬೇಕು. ಸಂಜೆ ಬರುವಾಗ ಬರಿ ತಲೇಲಿ ಬರೋಹಾಗಿಲ್ಲ. ದೊಡ್ಡ ಹಸುವಿಗೆ ದಿನಕ್ಕೆ 20-25 ಕೆ.ಜಿ. ಹಸಿ ಹುಲ್ಲು ಬೇಕು, 60 ಲೀಟರಿಗೆ ಕಡಿಮೆಯಿಲ್ಲದಷ್ಟು ನೀರು ಬೇಕು. ಹೊಲ ಇಲ್ಲದವಳು ಹುಲ್ಲು ಎಲ್ಲಿ ಕುಯ್ಯಬೇಕು? ಗೌಡರ ತೋಟದ ಬದುವಿನಲ್ಲಿ. ಬದುವಿನ ಹುಲ್ಲಿಗೆ ಬೆಲೆ ಏನು? ಅರ್ಧ ದಿನದ ಬಿಟ್ಟಿ ಕಳೆ. ಈ ಲೆಕ್ಕ ಯಾವ ಪಾಸುಬುಕ್ಕಿನಲ್ಲೂ ಬರೆಯೋದಿಲ್ಲ.

ಮನೆಯೊಳಗಿನ ಬದುಕೂ ಹಸುವಿನ ಸುತ್ತಲೇ ಸುತ್ತುತ್ತದೆ. ಅತ್ತೆ ಕಣ್ಣು ಕಾಣದಿದ್ದರೂ ಕರು ಹಗ್ಗ ಬಿಚ್ಚಿಕೊಂಡದ್ದನ್ನ ಸದ್ದಿನಲ್ಲೇ ಹೇಳುತ್ತಾಳೆ. ದೊಡ್ಡ ಹುಡುಗಿ ಸ್ಕೂಲಿಗೆ ತಪ್ಪಿಸಿಕೊಳ್ಳೋದು ಹಸು ಈದ ವಾರ, ಕರುವಿಗೆ ಭೇದಿ ಆದ ವಾರ. ಹುಡುಗ ತಪ್ಪಿಸಿಕೊಳ್ಳಲ್ಲ, ಅವನು ಓದಬೇಕು. ಬೆದೆ 21 ದಿನಕ್ಕೊಂದು ಸಲ ಬರೋದರಿಂದ ಆ ದಿನ ತಪ್ಪಿದರೆ ಮತ್ತೆ ಮೂರು ವಾರ ಬರಿದೇ ಮೇವು ಹಾಕಬೇಕು ಅನ್ನೋದು ಗಂಡನಿಗಿಂತ ಅವಳಿಗೆ ಚೆನ್ನಾಗಿ ನೆನಪಿರುತ್ತದೆ. ಸಂಘದ ಸದಸ್ಯತ್ವ ಮಾತ್ರ ಬಹುಪಾಲು ಗಂಡನ ಹೆಸರಲ್ಲಿ. ಕರೆದ ಹಾಲಿನಲ್ಲಿ ಮನೆಗೆ ಉಳಿಯೋದು ಕಾಫಿ ಬೆಳ್ಳಗಾಗುವಷ್ಟು. ಹಟ್ಟಿಯಲ್ಲಿ ಹಸು ಇದ್ದೂ ಮಕ್ಕಳಿಗೆ ಹಾಲು ಸಿಕ್ಕಿದ್ದು ಸ್ಕೂಲಿನಲ್ಲಿ, 2013ರಲ್ಲಿ ಕ್ಷೀರಭಾಗ್ಯ ಶುರುವಾದ ಮೇಲೆ, ಪುಡಿ ಕದಡಿದ್ದು! ಇದನ್ನ ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಆ ಹಾಲು ಒಳ್ಳೆಯದೇ ಮಾಡಿತು.

ಇಷ್ಟನ್ನ ತಲೆಯಲ್ಲಿಟ್ಟುಕೊಂಡು ನಮ್ಮ ಪಠ್ಯಪುಸ್ತಕದ ಹಸುಗಳ ಹತ್ತಿರ ಹೋಗೋಣ.

ಎಸ್.ಜಿ. ನರಸಿಂಹಾಚಾರ್ಯರದೆಂದು ಹೇಳುವ ಹಸುವಿನ ಪದ್ಯ ನಮಗೆಲ್ಲ ಬಾಯಿಪಾಠ. ಹಸು ತಾನೇ ಮನುಷ್ಯನನ್ನು ನಿಲ್ಲಿಸಿ, ನಾನು ಇಷ್ಟೆಲ್ಲ ಉಪಯೋಗಕ್ಕೆ ಬಂದೆ, ನೀನು ಯಾರಿಗೆ ಬಂದೆ ಎಂದು ಕೇಳುವ ಪದ್ಯ. ಕನ್ನಡದಲ್ಲಿ ಸಗಣಿಗೆ ಇಷ್ಟು ಮರ್ಯಾದೆ ಕೊಟ್ಟ ಕವಿತೆ ಇನ್ನೊಂದಿಲ್ಲ ಅಂತಲೇ ಹೇಳಬೇಕು. ಅಲ್ಲಿ ಸಗಣಿ ಒಲೆಯ ಕುರುಳಾಗುತ್ತದೆ, ಹಣೆಯ ವಿಭೂತಿಯಾಗುತ್ತದೆ, ಹೊಲದ ಗೊಬ್ಬರವಾಗುತ್ತದೆ. ಇಷ್ಟೂ ಆಗುವುದು ಹೇಗೆ? ಯಾರೋ ತಟ್ಟಬೇಕು, ಯಾರೋ ಸುಡಬೇಕು, ಯಾರೋ ಹೊರಬೇಕು. ಕ್ರಿಯಾಪದ ಇದೆ, ಕರ್ತೃಪದ ಇಲ್ಲ. ವ್ಯಾಕರಣದ ಮೇಷ್ಟ್ರು ಇದನ್ನ ಅಧ್ಯಾಹಾರ ಅಂತ ಹೇಳಿ ಮುಂದೆ ಹೋಗಬಹುದು. ನಾವು ಹೋಗೋಹಾಗಿಲ್ಲ. ಆ ಬಿಟ್ಟುಹೋದ ಕರ್ತೃಪದವೇ ನಮ್ಮ ಅವ್ವ. ಇನ್ನೊಂದು ಮಾತು. ಹಸು ಕೇಳುವ ಪ್ರಶ್ನೆ ‘ಮಾನವ’ ಅನ್ನುವವನಿಗೆ. ಎಲ್ಲ ಮಾನವರಿಗೂ ಒಂದೇ ಸಮ ಬಡಿಯುವ ಪ್ರಶ್ನೆ ಇದು. ಸಗಣಿ ತಟ್ಟಿದವಳಿಗೂ ವಿಭೂತಿ ಬಳಿದುಕೊಂಡವನಿಗೂ ಒಂದೇ ಬೈಗುಳ. ತಟ್ಟಿದವಳು ಯಾರಿಗೂ ಆಗಲಿಲ್ಲವೇ? ನೀತಿಪದ್ಯಗಳ ಮೋಸ ಸಾಮಾನ್ಯವಾಗಿ ಇಂಥ ಕಡೆ ಅಡಗಿರುತ್ತದೆ.

ಪುಣ್ಯಕೋಟಿಯ ಹಾಡಿನ ಗೊಲ್ಲನನ್ನೂ ನೋಡಿ. ಬೆಳಗ್ಗೆ ಏಳುತ್ತಾನೆ, ಹೊಳೆಯಲ್ಲಿ ಮೀಯುತ್ತಾನೆ, ಹಣೆಗೆ ಇಟ್ಟುಕೊಳ್ಳುತ್ತಾನೆ, ಮಾವಿನ ಮರದ ಕೆಳಗೆ ಕೊಳಲೂದುತ್ತಾನೆ. ಕರೆದರೆ ಹಸುಗಳು ಬಂದು ಹಾಲು ಸುರಿಸುತ್ತವೆ. ಸಗಣಿ ಬಾಚುವ ಮೊದಲೇ ಸ್ನಾನ ಮಾಡುವ ದನಗಾಹಿಯನ್ನ ನಾನಂತೂ ಯಾವ ಹಟ್ಟಿಯಲ್ಲೂ ಕಂಡಿಲ್ಲ. ಹಾಡನ್ನು ಬಯ್ಯೋದು ನನ್ನ ಉದ್ದೇಶವಲ್ಲ. ತಾಯಿಲ್ಲದ ಕರುವನ್ನು ಉಳಿದ ಹಸುಗಳ ಕೈಗೊಪ್ಪಿಸುವ ಭಾಗ ಬಂದಾಗ ನಮ್ಮ ಕೇರಿಯ ಹೆಂಗಸರೂ ಸೆರಗಿನಲ್ಲಿ ಕಣ್ಣೊರೆಸಿಕೊಂಡವರೇ. ಸತ್ತರೆ ಮಕ್ಕಳನ್ನ ನೋಡೋರು ಯಾರು ಅನ್ನೋ ಭಯ ಅವರಿಗೆ ಹಸುವಿಗಿಂತ ಚೆನ್ನಾಗಿ ಗೊತ್ತು. ಅದಕ್ಕೇ ಈ ಹಾಡು ಉಳಿದಿದೆ, ಸತ್ಯದ ಉಪದೇಶಕ್ಕಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಆ ಹಾಡಿನಲ್ಲಿ ಕರುವಿಗೆ ಹೊಟ್ಟೆ ತುಂಬ ಹಾಲಿದೆ. ಡೈರಿ ಸಾಲದ ಮನೆಯಲ್ಲಿ ಕರುವಿಗೆ ಎಷ್ಟು ಬಿಡಬೇಕು ಅನ್ನೋದು ದಿನಾ ನಡೆಯುವ ಕದನ. ಗಂಡ ಒಂದು ಮೊಲೆ ಸಾಕು ಅಂತಾನೆ, ಹೆಂಡತಿ ಅವನು ಆಚೆ ಹೋದಮೇಲೆ ಕರು ಬಿಚ್ಚುತ್ತಾಳೆ. ಈ ಕಳ್ಳತನದ ಬಗ್ಗೆ ಒಂದು ಹಾಡು ಬರಬೇಕಿತ್ತು.

ಹನ್ನೆರಡನೆಯ ಶತಮಾನದಲ್ಲಿ ತುರುಗಾಹಿ ರಾಮಣ್ಣ ಅಂತ ಒಬ್ಬ ವಚನಕಾರ ಇದ್ದ. ದನ ಕಾಯೋದೇ ಅವನ ಕಾಯಕ, ಅಂಕಿತದಲ್ಲೂ ಗೋಪತಿ ಇದ್ದಾನೆ. ಅವನಲ್ಲಾದರೂ ಕೊಟ್ಟಿಗೆ ಸಿಕ್ಕೀತೆಂದು ಹೋದರೆ ದನ ಕಾಯೋ ಮಾತೆಲ್ಲ ಅಧ್ಯಾತ್ಮದ ಒಗಟಾಗಿಬಿಡುತ್ತದೆ. ಕಾಯಕವೇ ಕೈಲಾಸ ಅಂದವರ ನಡುವೆಯೂ ಕಾಯಕ ಬೇಗ ಕೈಲಾಸಕ್ಕೆ ಹೊರಟುಬಿಟ್ಟಿತು. ನವ್ಯರ ವಿಚಾರ ಬಿಡಿ, ಅವರ ನಾಯಕ ಊರು ಬಿಟ್ಟು ಪೇಟೆ ಸೇರಿದವನು, ಅವನ ಸಂಕಟಕ್ಕೆ ಮೇವು ಹಾಕಬೇಕಾಗಿರಲಿಲ್ಲ.

ಕೊಟ್ಟಿಗೆಯ ಹತ್ತಿರ ನಿಜವಾಗಿ ಬಂದವರು ಶಿವರಾಮ ಕಾರಂತರು. ‘ಚೋಮನ ದುಡಿ’ (1933) ಬಗ್ಗೆ ನಮ್ಮವರು ಎತ್ತಿದ ತಕರಾರುಗಳು ನನಗೂ ಗೊತ್ತು. ಹೊರಗೆ ನಿಂತು ಕನಿಕರದಿಂದ ನೋಡಿದ ಕಾದಂಬರಿ ಅಂತ. ಇರಲಿ. ಆದರೆ ಆ ಕಾದಂಬರಿ ಒಂದು ವಿಷಯವನ್ನ ಬೇರೆ ಯಾರಿಗಿಂತ ಮೊದಲು ಕಂಡಿತು. ಚೋಮನಿಗೆ ಎರಡು ಎತ್ತುಂಟು, ಉಳಲು ಅಂಗೈಯಷ್ಟು ನೆಲವಿಲ್ಲ. ಹೊಲೆಯನಿಗೆ ಬೇಸಾಯ ಕೂಡದು ಅನ್ನುವ ಕಟ್ಟಳೆ. ಸಾಲ ತೀರಿಸಲು ಮಕ್ಕಳು ಎಸ್ಟೇಟಿಗೆ ಹೋಗಬೇಕು. ಕಾಲೇಜಿನಲ್ಲಿ ಇದನ್ನ ಓದುವ ಹುಡುಗರು ಒಂದು ಪ್ರಶ್ನೆ ಕೇಳುತ್ತಾರೆ: ಎತ್ತು ಮಾರಿ ಸಾಲ ತೀರಿಸಬಹುದಿತ್ತಲ್ಲ ಸಾರ್? ವಿಮರ್ಶಕರು ದುಡಿಯ ಸಂಕೇತ, ಬೆಂಕಿಯ ಸಂಕೇತ ಅಂತ ಪುಟಗಟ್ಟಲೆ ಬರೆದರು, ಈ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಹಸು ಕಟ್ಟಿದವರನ್ನ ಕೇಳಿದರೆ ಹೇಳುತ್ತಾರೆ. ಬಾಗಿಲಲ್ಲಿ ಎತ್ತು ಕಟ್ಟಿರೋತನಕ ಅವನು ಆಳಲ್ಲ, ಇವತ್ತಲ್ಲ ನಾಳೆ ರೈತನಾಗೋನು. ಎತ್ತು ಮಾರಿದ ದಿನ ಅವನು ಬರೀ ಆಳು. ಅದಕ್ಕೇ ಕೊನೆಯಲ್ಲಿ ಅವನು ಎತ್ತುಗಳನ್ನ ಮಾರುವುದಿಲ್ಲ, ಹೊಡೆದೋಡಿಸುತ್ತಾನೆ. 1975ರಲ್ಲಿ ಬಿ.ವಿ. ಕಾರಂತರು ಅದನ್ನೇ ಸಿನಿಮಾ ಮಾಡಿ ರಾಷ್ಟ್ರಪ್ರಶಸ್ತಿ ತಂದರು.

ಕಾರಂತರು ಬರೆದ ಕತೆಯನ್ನ ಸರಕಾರ ಮತ್ತೊಮ್ಮೆ ಬರೆಯಿತು. ಐ.ಆರ್.ಡಿ.ಪಿ. ಎಂಬ ಯೋಜನೆ 1980ರ ಅಕ್ಟೋಬರ್ 2ರಿಂದ ದೇಶದ ಎಲ್ಲ ಬ್ಲಾಕುಗಳಿಗೂ ಬಂತು. ಕೇರಿಗೆ ಎಮ್ಮೆ ಸಾಲ ಬಂತು. ನೆಲ ಬರಲಿಲ್ಲ. ಮೇವಿಲ್ಲದ ಎಮ್ಮೆ ಬತ್ತಿತು, ಮಾರಿಹೋಯಿತು, ಸತ್ತಿತು. ಸತ್ತದ್ದಕ್ಕೆ ಸಾಕ್ಷಿಯಾಗಿ ಓಲೆ ಸಮೇತ ಕಿವಿ ಕುಯ್ದುಕೊಂಡು ವಿಮೆಯವರ ಮುಂದೆ ನಿಂತವರ ಚಿತ್ರ ಯಾವ ಕಾದಂಬರಿಗೂ ಕಮ್ಮಿಯಿಲ್ಲ. 1974ರ ಭೂಸುಧಾರಣೆ ತಿದ್ದುಪಡಿ ಗೇಣಿದಾರನಿಗೆ ನೆಲ ಕೊಟ್ಟಿತು. ಕೂಲಿಯವನು ಗೇಣಿದಾರನಾಗಿರಲಿಲ್ಲ, ಚೋಮನ ಹಾಗೆ. ನೂರು ದನಕ್ಕೆ ಸುಮಾರು 30 ಎಕರೆ ಗೋಮಾಳ ಬಿಡಬೇಕು ಅನ್ನೋದು ಕಂದಾಯದ ನಿಯಮ. ಎಷ್ಟೋ ಊರಲ್ಲಿ ಗೋಮಾಳ ಉಳಿದಿರೋದು ಪಹಣಿಯ ಕಾಗದದಲ್ಲಿ. ಗೋಮಾತೆಗೆ ಜೈ ಅನ್ನುವವರು ಗೋಮಾಳ ಬಿಡಿಸೋಕೆ ಬಂದದ್ದನ್ನ ಕಂಡೋರು ಯಾರಾದರೂ ಇದ್ದರೆ ಈ ಪತ್ರಿಕೆಗೆ ಬರೆದು ತಿಳಿಸಲಿ.

ಎತ್ತಿಲ್ಲದವರ ಕತೆಯೂ ಇದೆ. ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ ಹುಡುಗನ ಕಣ್ಣಿಗೆ ಬೀಳುವ ನೋಟ ನೆನೆಯಿರಿ. ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟು ಎಳೆಯುತ್ತಿದ್ದಾರೆ, ಮತ್ತೊಬ್ಬ ಹಿಂದಿನಿಂದ ಉಳುತ್ತಿದ್ದಾನೆ. ನೊಗ ಹೊತ್ತವರಲ್ಲಿ ಒಬ್ಬ ಹುಡುಗನ ಅಪ್ಪ. ಸಿದ್ಧಲಿಂಗಯ್ಯನವರು ಅಲ್ಲಿ ಕೂಗಾಡುವುದಿಲ್ಲ. ಸಾಹಿತ್ಯದಲ್ಲಿ ಎತ್ತು ಅನ್ನೋದು ಶ್ರಮದ ರೂಪಕ ಅಂತ ಪಾಠ ಮಾಡಿಕೊಂಡು ಬಂದಿದ್ದೇವೆ. ಇಲ್ಲಿ ರೂಪಕ ಮುರಿದುಬೀಳುತ್ತದೆ. ಅಪ್ಪ ಎತ್ತಿನಂತೆ ದುಡಿದ ಅಂತಲ್ಲ, ಎತ್ತಿನ ಜಾಗದಲ್ಲೇ ದುಡಿದ.

ಪ್ರಾಣಿಗಳಿಗೂ ನಾವು ಜಾತಿ ಕೊಟ್ಟಿದ್ದೇವೆ ಅನ್ನೋದನ್ನ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ತೋರಿಸಿಕೊಟ್ಟಷ್ಟು ನೇರವಾಗಿ ಬೇರೆ ಯಾವುದೂ ತೋರಿಸಿಲ್ಲ. ಬೆದೆಗೆ ಬಂದ ಎಮ್ಮೆಯ ಪ್ರಸಂಗವದು. ಕೇರಿಯ ಎಮ್ಮೆಗೂ ಊರ ಕೋಣಕ್ಕೂ ನಡುವೆ ಜಾತಿ ಬಂದು ನಿಲ್ಲುತ್ತದೆ. ಓದಿದವರು ಮೊದಲು ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ಎಮ್ಮೆಯೇ ಒಂದು ರೀತಿಯಲ್ಲಿ ಪ್ರಾಣಿಗಳ ಪೈಕಿ ಕೇರಿಯದು. ಕಪ್ಪು. ಹಾಲಿನಲ್ಲಿ ಹಸುವಿಗಿಂತ ಹೆಚ್ಚು ಜಿಡ್ಡು, ಆದರೂ ಪೂಜೆ ಇಲ್ಲ. ಮಾರಿಗೆ ಕಡಿಯೋದು ಅದರ ಗಂಡನ್ನ, ಆ ಕೋಣ ಹಿಂದಿನ ಜನ್ಮದಲ್ಲಿ ಹೊಲೆಯನಾಗಿದ್ದ ಅಂತ ಕತೆ ಬೇರೆ. ಹಸುವಿಗೆ ಪುರಾಣ ಸಿಕ್ಕಿತು, ಎಮ್ಮೆಗೆ 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜ್‌ಕುಮಾರ್ ಬೆನ್ನ ಮೇಲೆ ಕೂತು ಹಾಡಿದ ಒಂದು ಹಾಡು ಸಿಕ್ಕಿತು. ಎಮ್ಮೆ ಮೇಯಿಸಿದ ಹುಡುಗರಿಗೆ ಆ ಹಾಡು ಯಾಕೆ ಅಷ್ಟು ಪ್ರೀತಿ ಅನ್ನೋದನ್ನ ನಮ್ಮ ಘನ ವಿಮರ್ಶೆ ವಿಚಾರಿಸಿದ್ದಿಲ್ಲ.

ಈಗ ಇಂಜೆಕ್ಷನ್ ಬಂದಿದೆ, ಹೋರಿಯ ಜಾತಿ ಕೇಳೋರಿಲ್ಲ. ಹಾಲಿನ ಜಾತಿ ಕೇಳೋರಿದ್ದಾರೆ. ಘನಶ್ಯಾಮ ಷಾ, ಹರ್ಷ ಮಂದರ್, ಸುಖದೇವ ಥೋರಟ್ ಮೊದಲಾದವರು ಕರ್ನಾಟಕವೂ ಸೇರಿದಂತೆ 11 ರಾಜ್ಯಗಳ 565 ಹಳ್ಳಿಗಳನ್ನ ಸುತ್ತಿದ ಅಧ್ಯಯನ 2006ರಲ್ಲಿ ಪುಸ್ತಕವಾಯಿತು. ಹಾಲಿನ ಸಂಘಗಳ ಬಗ್ಗೆ ವಿಚಾರಿಸಿದಾಗ ಹತ್ತಿರ ಹತ್ತಿರ ಅರ್ಧದಷ್ಟು ಹಳ್ಳಿಗಳಲ್ಲಿ ದಲಿತರು ಸಂಘಕ್ಕೆ ಹಾಲು ಹಾಕುವಂತಿರಲಿಲ್ಲ. ವಿಶ್ವಬ್ಯಾಂಕಿನ ನೆರವಿನಿಂದ ನಮ್ಮ ರಾಜ್ಯದಲ್ಲಿ ಹಾಲಿನ ಅಭಿವೃದ್ಧಿ ನಿಗಮ ಶುರುವಾದದ್ದು 1974ರಲ್ಲಿ, ಅದು ಮಹಾಮಂಡಲವಾದದ್ದು 1984ರಲ್ಲಿ. ಕ್ಯಾನಿಗೆ ಬಿದ್ದ ಮೇಲೆ ಎಲ್ಲ ಹಾಲೂ ಒಂದೇ ಅನ್ನೋದು ದೊಡ್ಡ ಕ್ರಾಂತಿ ಆಗಬಹುದಿತ್ತು. ಕೆಲವು ಕಡೆ ಆಗಿಯೂ ಇದೆ, ಅದನ್ನ ಇಲ್ಲ ಅನ್ನೋದು ಅನ್ಯಾಯ. ಶ್ಯಾಮ್ ಬೆನಗಲ್ಲರ ‘ಮಂಥನ್’ (1976) ಸಿನಿಮಾ ಗುಜರಾತಿನ ಹಾಲಿನ ಸಂಘದ ಕತೆ, ಐದು ಲಕ್ಷ ರೈತರು ತಲಾ ಎರಡು ರೂಪಾಯಿ ಹಾಕಿ ಮಾಡಿದ್ದು. ಸಂಘ ಅಂದರೆ ಹಾಲಿನ ದರ ಮಾತ್ರವಲ್ಲ, ಕೇರಿಯವರು ಮೇಜಿನ ಆ ಕಡೆ ಕೂರೋದು ಅನ್ನೋದು ಆ ಚಿತ್ರಕ್ಕೆ ಗೊತ್ತಿತ್ತು. ಅದರ ಡಾಕ್ಟರು ನಮ್ಮ ಗಿರೀಶ ಕಾರ್ನಾಡರು. ಆದರೆ ಕನ್ನಡದಲ್ಲಿ ಡೈರಿಯ ಮೇಲೆ ಅಂಥದೊಂದು ಕೃತಿ ನನ್ನ ಓದಿಗೆ ಸಿಕ್ಕಿಲ್ಲ. ಹಳ್ಳಿಯ ರಾಜಕೀಯವೆಲ್ಲ ದಿನಕ್ಕೆ ಎರಡು ಹೊತ್ತು ಅದೇ ಕಟ್ಟೆ ಮೇಲೆ ನಡೆಯುತ್ತಿದ್ದರೂ ಇಲ್ಲ.

ನಮ್ಮ ಬರಹದ ಕಡೆಗೂ ಕೈ ತೋರಿಸಬೇಕು. ದಲಿತ-ಬಂಡಾಯದ ಕಾವ್ಯದಲ್ಲಿ ಹಸು ಬರುವುದು ಹೆಚ್ಚಾಗಿ ಸತ್ತ ಮೇಲೆ. ಸತ್ತ ದನ ಹೊತ್ತದ್ದು, ಸುಲಿದದ್ದು, ಚರ್ಮ ಹದ ಮಾಡಿದ್ದು, ಬಾಡು ಹಂಚಿಕೊಂಡದ್ದು. ಅದನ್ನ ಬರೆಯಲೇಬೇಕಾಗಿತ್ತು. ಜೀತದ ಹುಡುಗ ಗೌಡರ ದನ ಕಾಯುವುದು ಬಂದಿದೆ, ಅದೂ ಬೇಕು. ಆದರೆ ಕೇರಿಯಲ್ಲಿ ಬದುಕಿರುವ ಹಸು, ಹೆಂಗಸಿನ ಸಾಲದ ಹಸು, ಕಡಿಮೆ ಬಂದಿದೆ. ಇದಕ್ಕೆ ಕಾರಣ ನನಗನ್ನಿಸುವುದು ಇಷ್ಟು: ಘೋಷಣೆಗೆ ಹೊಂದಿಕೊಳ್ಳುವ ಪ್ರಾಣಿ ಸತ್ತದ್ದು. ಬದುಕಿರೋದಕ್ಕೆ ದಿನಾ ಮೇವು ಹಾಕಬೇಕು, ಅಷ್ಟು ಸಾವಧಾನ ನಮ್ಮ ಪದ್ಯಗಳಿಗೆ ಇರಲಿಲ್ಲ.

ಆ ಸಾವಧಾನ ಇದ್ದದ್ದು ದೇವನೂರರಿಗೆ. ‘ಒಡಲಾಳ’ದ ಸಾಕವ್ವ ಕಳೆದುಹೋದ ಹುಂಜವನ್ನ ಹುಡುಕಿಕೊಂಡು ತಿರುಗುವುದು ನೋಡಿ. ಹುಂಜ ಅಲ್ಲಿ ಯಾವುದರ ಸಂಕೇತವೂ ಅಲ್ಲ, ಅದು ಹುಂಜ. ಆ ಮನೆಯ ಆಸ್ತಿ, ಆ ಮುದುಕಿಯ ಹಟ, ದೇವರಿಗೋ ನೆಂಟರಿಗೋ ಆಗಬೇಕಾಗಿದ್ದ ಲೆಕ್ಕ, ಎಲ್ಲ ಅದರ ರೆಕ್ಕೆಯಲ್ಲಿದೆ. ಅದೇ ಮನೆಯಲ್ಲಿ ರಾತ್ರಿಯೆಲ್ಲ ಕೂತು ಕದ್ದು ತಂದ ಕಡಲೆಕಾಯಿ ತಿನ್ನುತ್ತಾರೆ, ಬೆಳಗಾದರೆ ಪೋಲೀಸಿನವರು. ಬಡವರ ಮನೆಯೊಳಗಿನ ನಗು, ಜಗಳ, ಸಣ್ಣ ಸ್ವಾರ್ಥ ಇವನ್ನೆಲ್ಲ ಬಚ್ಚಿಡದೆ ಬರೆದ ಕತೆ. ಒಂದು ಕೋಳಿಗೆ ಅಷ್ಟು ಜಾಗ ಕೊಟ್ಟ ಕಡೆ ಅನ್ಯಾಯ ತಾನಾಗಿ ಕಂಡಿತು. ಹಸುವಿಗೆ, ಮೇಕೆಗೆ, ಹಂದಿಗೆ ಇಂಥ ಬರಹ ಇನ್ನೂ ಬರಬೇಕು. ಹಂದಿ ಸಾಕುವ ಮನೆಯಂತೂ ನಮ್ಮ ಸಾಹಿತ್ಯದ ಊರಾಚೆಗೂ ಆಚೆ ಇದೆ.

ಇದು ಬರೀ ಸಾಹಿತ್ಯದ ರುಚಿಯ ಪ್ರಶ್ನೆಯಲ್ಲ. 1964ರ ನಮ್ಮ ರಾಜ್ಯದ ಕಾಯ್ದೆ ಹಸುವನ್ನು ಕಡಿಯುವುದನ್ನ ನಿಷೇಧಿಸಿತ್ತು, ಆದರೆ 12 ವರ್ಷ ದಾಟಿದ ಅಥವಾ ಕೆಲಸಕ್ಕೆ ಬಾರದ ಎತ್ತು, ಕೋಣ, ಎಮ್ಮೆಗೆ ದಾರಿ ಬಿಟ್ಟಿತ್ತು. 2021ರಲ್ಲಿ ಜಾರಿಗೆ ಬಂದ 2020ರ ಕಾಯ್ದೆ 13 ವರ್ಷ ದಾಟಿದ ಎಮ್ಮೆ-ಕೋಣ ಬಿಟ್ಟು ಉಳಿದೆಲ್ಲಕ್ಕೂ ಬಾಗಿಲು ಹಾಕಿತು. ಆಗ ಎರಡು ಕಡೆಯಿಂದಲೂ ಪದ್ಯಗಳು ಬಂದವು. ಅವರು ತಾಯಿ ಅಂದರು, ನಾವು ಅನ್ನದ ಹಕ್ಕು ಅಂದೆವು. ನಮ್ಮ ಮಾತು ಸರಿ. ಅದರಲ್ಲಿ ಒಂದಕ್ಷರ ಹಿಂದೆ ತೆಗೆದುಕೊಳ್ಳಬೇಕಿಲ್ಲ. ಆದರೆ ನಡುವೆ ನಿಂತಿದ್ದವಳ ಪಾಡು ಯಾವ ಪದ್ಯದಲ್ಲೂ ಬರಲಿಲ್ಲ. ಸೀಮೆ ಹಸು ಗಂಡು ಕರು ಹಾಕಿದರೆ ಅದು ನೊಗಕ್ಕೂ ಆಗದು, ಮಾರಾಟಕ್ಕೂ ಆಗದು. ಎರಡು ಸಲ ಕೆಚ್ಚಲು ಬಾವು ಬಂದು ಎರಡು ಮೊಲೆ ಹೋದ ಹಸು ತಿನ್ನೋದು ಮಾತ್ರ ಮೊದಲಿನಷ್ಟೇ. ಮೊದಲು ಮುದಿ ದನ ಸಂತೆಗೆ ಹೋದರೆ ಬಂದ ದುಡ್ಡು ಹೊಸ ಕಡಸಿಗೆ ಮುಂಗಡವಾಗುತ್ತಿತ್ತು. ಅದು ಬಡವರ ಬ್ಯಾಂಕು. ಆ ಹಸುವನ್ನ ಹೊಡೆಯುವಾಗ ಅವಳು ಅಳುತ್ತಿದ್ದಳು ಅನ್ನೋದೂ ನಿಜ, ದುಡ್ಡು ಎಣಿಸಿ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು ಅನ್ನೋದೂ ನಿಜ. ಎರಡನ್ನೂ ಒಟ್ಟಿಗೆ ಹಿಡಿಯುವ ಬರಹ ಬಂದರೆ ಗೋಮಾತೆಯ ರಾಜಕೀಯಕ್ಕೆ ನಮ್ಮ ನೂರು ಭಾಷಣ ಕೊಡದ ಪೆಟ್ಟು ಕೊಟ್ಟೀತು. ಅವರು ಹೆದರೋದು ಬಾಡು ತಿನ್ನೋರಿಗೆ ಅಂತ ತಿಳಿದಿದ್ದೇವೆ. ಹಸುವನ್ನ ಅವರಿಗಿಂತ ಚೆನ್ನಾಗಿ ಬಲ್ಲವಳು ಬಾಯಿ ಬಿಟ್ಟರೆ ಇನ್ನೂ ಹೆಚ್ಚು ಹೆದರುತ್ತಾರೆ.

ಈ ಪತ್ರಿಕೆ ಓದುವ ಮೇಷ್ಟ್ರುಗಳಿಗೆ ಒಂದು ಮಾತು ಹೇಳಬೇಕು. ಹಸುವಿನ ಮೇಲೆ ನಾವೆಲ್ಲ ಬರೆದ, ಬರೆಸಿದ ಪ್ರಬಂಧ ಒಂದಿದೆ. ಹಸು ಒಂದು ಸಾಧು ಪ್ರಾಣಿ, ನಾಲ್ಕು ಕಾಲು, ಎರಡು ಕೊಂಬು, ಹಾಲು ಕೊಡುತ್ತದೆ. ಹಿಂದಿನ ವಾರ ಹಸು ಈದದ್ದಕ್ಕೆ ಸ್ಕೂಲು ಬಿಟ್ಟ ಹುಡುಗಿ ಕೂಡ ಇದನ್ನೇ ಬರೆದು ಹತ್ತಕ್ಕೆ ಎಂಟು ತಗೊಳ್ಳುತ್ತಾಳೆ. ಕರು ಅಡ್ಡ ಸಿಕ್ಕಿಕೊಂಡಾಗ ಅವ್ವ ಕೈಗೆ ಎಣ್ಣೆ ಹಚ್ಚಿಕೊಂಡದ್ದು, ಮಾಸು ಬೀಳಲಿಲ್ಲ ಅಂತ ಮನೆಯವರೆಲ್ಲ ಬೆಳಗಿನತನಕ ಕೂತದ್ದು, ಡಾಕ್ಟರಿಗೆ ಕೊಡೋಕೆ ಯಾರ ಮನೆ ಬಾಗಿಲಿಗೆ ಹೋದದ್ದು, ಮೊದಲ ದಿನದ ಗಿಣ್ಣು ಯಾರ ಮನೆಗೆ ಕೊಟ್ಟರು, ಯಾರು ಈಸಿಕೊಳ್ಳಲಿಲ್ಲ, ಎಲ್ಲ ಅವಳಿಗೆ ಗೊತ್ತು. ಅದನ್ನ ಬರೆಯಬಹುದು ಅನ್ನೋದು ಗೊತ್ತಿಲ್ಲ. ಮುಂದಿನ ಸಲ ಪ್ರಬಂಧ ಕೊಡುವಾಗ ‘ಹಸು’ ಅಂತ ಕೊಡಬೇಡಿ. ‘ನಮ್ಮ ಹಸು ಈದ ರಾತ್ರಿ’ ಅಂತ ಕೊಡಿ. ಕಾಗುಣಿತ ತಿದ್ದದೆ ನಮಗೆ ಕಳಿಸಿ, ಅಚ್ಚು ಹಾಕುತ್ತೇವೆ.